ಮೋಡದ ಬೆನ್ನು ನೋಡುವವರು

ಝೂರಾಕಾನ್ ಎಜೆ ಆಕಾಶವನ್ನು ನೋಡುವುದಿಲ್ಲ. ಇಪ್ಪತ್ತಾರು ವರ್ಷಗಳಿಂದ ಹವಾಮಾನ ಕಚೇರಿಯಲ್ಲಿ ದುಡಿಯುತ್ತಿರುವ, ತಿಯಾನ್ ಶಾನ್ ಪರ್ವತಗಳ ಮಡಿಲಿನ ನಮ್ಮ ಅಕ್-ಕೊರೊ ಪಟ್ಟಣದಲ್ಲಿ ನಾಳೆ ಬಿಸಿಲೋ ಹಿಮವೋ ಎಂಬುದನ್ನು ನಿರ್ಣಯಿಸುವ ಅಧಿಕಾರವುಳ್ಳ ಈ ಹೆಂಗಸು ಒಮ್ಮೆಯಾದರೂ ಕತ್ತೆತ್ತಿ ಮೇಲೆ ನೋಡಿದ್ದನ್ನು ನಾನು ಕಂಡಿಲ್ಲ, ಕಂಡೆನೆಂದವರನ್ನೂ ಕಂಡಿಲ್ಲ. ಅಂಗಳದಲ್ಲಿ ಯಾರಾದರೂ ತಡೆದು, "ಎಜೆ, ಇವತ್ತು ಕಂಬಳಿ ತೊಳೆದು ಹಾಕಬಹುದಾ?" ಎಂದು ಕೇಳಿದರೆ, ತಲೆಯ ಮೇಲೆ ಅಷ್ಟಗಲ ಹರಡಿಕೊಂಡಿರುವ ನೀಲಿಯನ್ನು ಬಿಟ್ಟು, ಬಂದ ದಾರಿಯಲ್ಲೇ ಹಿಂದಿರುಗಿ, ಎರಡು ಮಹಡಿಯ ಮೆಟ್ಟಿಲು ಹತ್ತಿ, ಉಪಗ್ರಹದ ಚಿತ್ರಗಳು ಬಂದಿಳಿಯುವ ಕೋಣೆಯ ಬಾಗಿಲು ತೆರೆದು, ಪರದೆಯನ್ನು ಹತ್ತು ನಿಮಿಷ ದಿಟ್ಟಿಸಿ, ಮತ್ತೆ ಕೆಳಗಿಳಿದು ಬಂದು, ಅಷ್ಟರಲ್ಲಿ ಕೇಳಿದವಳು ಹೊರಟುಹೋಗಿದ್ದರೆ ಅವಳ ಮನೆಯವರೆಗೂ ನಡೆದು ಉತ್ತರ ಹೇಳಿ ಬರುವುದು ಅವರ ಕ್ರಮ. "ಕಣ್ಣೆದುರಿಗೇ ಇದೆಯಲ್ಲ ಎಜೆ, ಒಂದ್ಸಲ ಮೇಲೆ ನೋಡಿದ್ರೆ ಆಗ್ತಿರಲಿಲ್ವಾ?" ಎಂದು ಹೊಸದರಲ್ಲಿ ನಾನೊಮ್ಮೆ ಕೇಳಿದ್ದೆ. "ನೀವೆಲ್ಲ ಮೋಡದ ಹೊಟ್ಟೆ ನೋಡೋ ಜನ," ಅಂದರು. "ಹೊಟ್ಟೆ ನೋಡಿದ್ರೆ ಏನು ತಿಳಿಯುತ್ತೆ? ಊಟ ಆಗಿದೆಯೋ ಇಲ್ವೋ, ಅಷ್ಟೇ. ಎಲ್ಲಿಂದ ಬಂದ, ಎಲ್ಲಿಗೆ ಹೊರಟ ಅಂತ ತಿಳೀಬೇಕಾದ್ರೆ ಬೆನ್ನು ನೋಡ್ಬೇಕು." ಅಂದಿನಿಂದ ಇಂದಿನವರೆಗೆ ಅವರ ಪ್ರತಿಯೊಂದು ಭವಿಷ್ಯವಾಣಿಯೂ "ಬೆನ್ನು ಹಾಗೆ ಹೇಳ್ತಿದೆ" ಎಂಬ ಮಾತಿನಿಂದಲೇ ಮುಗಿಯುವುದನ್ನು ನಾನು ಕೇಳುತ್ತ ಬಂದಿದ್ದೇನೆ.

ಎಜೆ ಎಂದರೆ ಇಲ್ಲಿ ಅಕ್ಕ. ಕಚೇರಿಯ ನಿರ್ದೇಶಕನಿಗೂ ಅವರು ಎಜೆಯೇ, ಬಾಗಿಲಲ್ಲಿ ಬೀಜ ಮಾರುವ ಮುದುಕನಿಗೂ ಎಜೆಯೇ. ಗಿಡ್ಡ ಆಳು, ದುಂಡು ಮುಖ, ಗಾಳಿಗೆ ಬಿರಿದ ಕೆಂಪು ಕೆನ್ನೆ. ನಡಿಗೆಯಲ್ಲಿ ಮಾತ್ರ ಒಂದು ವಿಶೇಷವುಂಟು: ಎರಡೂ ಕೈಗಳನ್ನು ಬೆನ್ನ ಹಿಂದೆ ಹೆಣೆದು, ಸೊಂಟದಿಂದ ಮೇಲಿನ ಶರೀರವನ್ನು ಮುಂದಕ್ಕೆ ಬಾಗಿಸಿ, ಬಿದ್ದ ಸೂಜಿಯನ್ನು ಹುಡುಕುವವರ ಹಾಗೆ ನೆಲವನ್ನೇ ನೋಡುತ್ತ, ಆದರೆ ಎದುರು ಬಂದವರು ದಾರಿ ಬಿಡಲೇಬೇಕಾದಷ್ಟು ರಭಸದಿಂದ ನಡೆಯುತ್ತಾರೆ. ಮೈಮೇಲೆ ಜುಲೈ ಬಿಸಿಲಿನಲ್ಲೂ ಕಳಚದ ಕುರಿಚರ್ಮದ ಕೋಟು, ಅವರ ತಂದೆಯದು. ತೋಳು ಎರಡು ಗೇಣು ಉದ್ದ. ಮಡಚಿ ಮಡಚಿ ಮಣಿಕಟ್ಟಿನಲ್ಲಿ ಎರಡು ಬಳೆಗಳಷ್ಟು ದಪ್ಪನೆಯ ಸುರುಳಿ ನಿಂತುಬಿಟ್ಟಿದೆ. ಎಡಜೇಬಿನಲ್ಲಿ ಭೂತಗನ್ನಡಿ. ಬಲಜೇಬಿನಲ್ಲಿ ಕುರುತ್, ಅಂದರೆ ಉಪ್ಪು ಹಾಕಿ ಕಲ್ಲಿನಂತೆ ಒಣಗಿಸಿದ ಮೊಸರಿನ ಉಂಡೆಗಳು. ಈ ಉಂಡೆಗಳೇ ಅವರ ವಿಜ್ಞಾನದ ಉಪಕರಣಗಳು ಎಂದರೆ ಯಾರೂ ನಗಬಾರದು. ಯಾರಿಗಾದರೂ ಹವೆಯ ಗತಿಯನ್ನು ವಿವರಿಸಬೇಕಾದಾಗ ಕುರುತನ್ನು ಮೇಜಿನ ಮೇಲೆ ಹರಡಿ, "ಇದು ಕ್ಯಾಸ್ಪಿಯನ್ ಸಮುದ್ರದ ಮೇಲಿರೋದು, ಇದು ಸೈಬೀರಿಯಾದ್ದು, ಇವೆರಡರ ಸಂದೀಲಿ ನಾವು ಸಿಕ್ಕಿಹಾಕ್ಕೊಂಡಿದೀವಿ" ಎಂದು ಬೆರಳಿನಿಂದ ಉರುಳಿಸಿ ತೋರಿಸುತ್ತಾರೆ. ಬಂದೇ ಬರುತ್ತದೆಂದ ಬಿರುಗಾಳಿ ದಾರಿತಪ್ಪಿ ಬೇರೆಡೆಗೆ ಹೋಯಿತೋ, ಆ ಉಂಡೆಯನ್ನು ಬಾಯಿಗೆ ಹಾಕಿಕೊಂಡು, "ಮುಗೀತು, ಇನ್ನು ಅದರ ಸುದ್ದಿ ಬೇಡ" ಎನ್ನುತ್ತಾರೆ. ಹೀಗೆ ಅವರು ತಿಂದು ಜೀರ್ಣಿಸಿಕೊಂಡ ಬಿರುಗಾಳಿಗಳ ಸಂಖ್ಯೆ ಕಡಿಮೆಯೇನಲ್ಲ.

ತಮ್ಮ ಮಾತನ್ನು ತಾವೇ ಕೇಳಿಸಿಕೊಳ್ಳದ ಖ್ಯಾತಿಯೂ ಅವರಿಗುಂಟು. ಒಂದು ಮೇ ತಿಂಗಳಲ್ಲಿ, ನಾಲ್ಕು ಗಂಟೆಗೆ ಆಲಿಕಲ್ಲು ಬೀಳುತ್ತದೆ, ಹೂಬಿಟ್ಟ ಏಪ್ರಿಕಾಟ್ ಗಿಡಗಳಿಗೆ ಚಾದರ ಹೊದಿಸಿ ಎಂದು ರೇಡಿಯೋದಲ್ಲಿ ಊರಿಗೆಲ್ಲ ಸಾರಿ, ನಾಲ್ಕಕ್ಕೆ ಸರಿಯಾಗಿ ಕೋಟಿನ ಗುಂಡಿ ಹಾಕಿಕೊಂಡು ಬರಿದಲೆಯಲ್ಲಿ ಮನೆಗೆ ಹೊರಟ ಮಹಾತಾಯಿ ಇವರು! ಹತ್ತು ಹೆಜ್ಜೆ ಹೋಗುವುದರೊಳಗೆ ತಲೆಯ ಮೇಲೆ ಟಪಟಪನೆ ಏಟು ಬಿದ್ದು ಓಡೋಡಿ ಹಿಂದಿರುಗಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. "ನೀವೇ ಹೇಳಿದ್ರಲ್ಲ ಎಜೆ!" "ಹೇಳಿದ್ದು ಊರಿಗೆ," ಅಂದರು ನೆತ್ತಿ ತಿಕ್ಕಿಕೊಳ್ಳುತ್ತ. "ನನಗೆ ಯಾರು ಹೇಳಿದ್ರು?"

ನಾನು ಈ ಊರಿಗೆ ಬಂದದ್ದು ಉಪಗ್ರಹದ ಸಂಕೇತ ಹಿಡಿಯುವ ದೊಡ್ಡ ತಟ್ಟೆಯನ್ನು ಮಾಳಿಗೆಯ ಮೇಲೆ ನಿಲ್ಲಿಸಿ ಹೋಗಲು. ಎರಡು ತಿಂಗಳ ಕೆಲಸ. ಈ ಊರಿನ ಹೆಣ್ಣನ್ನೇ ಮದುವೆಯಾಗಿ ಹದಿನೆಂಟು ವರ್ಷ ಉಳಿದುಬಿಟ್ಟೆ. ತಟ್ಟೆ ಕೆಟ್ಟಾಗಲೆಲ್ಲ ಹತ್ತಿ ಸರಿಮಾಡುವುದು ಈಗಲೂ ನನ್ನದೇ ಹೊಣೆ. ಬಂದ ಹೊಸದರಲ್ಲಿ ಎಜೆ ನನ್ನ ಊರು ಯಾವುದೆಂದು ಕೇಳಿದರು. ಕಾರವಾರ ಎಂದೆ. ನಕಾಶೆ ಬೇಕಾಗಲಿಲ್ಲ, ಪರದೆಯ ಮೇಲೆ ಭೂತಗನ್ನಡಿ ಇಟ್ಟು, "ಓಹೋ, ಜೂನ್ ಆರಕ್ಕೋ ಏಳಕ್ಕೋ ಬಿಳಿ ದಿಬ್ಬಣ ನುಗ್ಗುತ್ತಲ್ಲ, ಆ ಮನೆಯವರು!" ಎಂದು ಗುರುತಿಸಿದರು. ಅಂದಿನಿಂದ ನಾನು ಮಳೆಯ ಕಡೆಯ ಬೀಗ. ಪ್ರತಿ ಜೂನಿನಲ್ಲೂ ಮೆಟ್ಟಿಲ ಮೇಲಿಂದಲೇ ಕೂಗು: "ಬೀಗರೇ, ನಿಮ್ಮವರು ಹೊರಟ್ರು! ಕೇರಳ ದಾಟಿದ್ರು!" ತವರಿನ ಮಳೆಯ ಸುದ್ದಿಯನ್ನು ನನ್ನ ತಮ್ಮನ ಫೋನಿಗಿಂತ ಮೊದಲು, ಸಮುದ್ರವನ್ನೇ ಕಾಣದ ಈ ಹೆಂಗಸಿನ ಬಾಯಲ್ಲಿ ಕೇಳುವ ಸುಖ ನನ್ನೊಬ್ಬನದೇ ಭಾಗ್ಯ.

ಲೋಕದ ಹವೆಯೆಲ್ಲ ಅವರಿಗೆ ನೆಂಟಸ್ತಿಕೆ. ನವೆಂಬರದಲ್ಲಿ ಬಂದು ಕೂತು ಮಾರ್ಚ್‌ವರೆಗೂ ಜಪ್ಪಯ್ಯ ಅಂದರೂ ಕದಲದ ಸೈಬೀರಿಯಾದ ಶೀತಕ್ಕೆ 'ದೊಡ್ಡತ್ತೆ' ಎಂದು ಹೆಸರು. ಪಶ್ಚಿಮದಿಂದ, ಕ್ಯಾಸ್ಪಿಯನ್ನಿನ ಕಡೆಯಿಂದ, ಹೇಳದೆ ಕೇಳದೆ ಬಂದು, ಇದ್ದುದನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿ ಎರಡೇ ದಿನದಲ್ಲಿ ಹೊರಟುಹೋಗುವ ಸುಳಿಗಾಳಿಗೆ 'ಪಡುವಣದ ಅಳಿಯ'. ಪೆಸಿಫಿಕ್ ಸಾಗರದ ಮಹಾ ಚಂಡಮಾರುತಗಳು 'ನೆರೆಮನೆಯ ಜಗಳ': ನೋಡಲು ಸೊಗಸು, ನಮಗೆ ಸಂಬಂಧವಿಲ್ಲ. ಸಂಬಂಧವಿಲ್ಲವೆಂದು ಬಾಯಲ್ಲಿ ಹೇಳಿದರೂ, ಆಫ್ರಿಕಾದ ಆಚೆಯ ಯಾವುದೋ ದ್ವೀಪದ ಮೇಲೆ ಬಿಳಿಯ ಸುಳಿಯೊಂದು ಹತ್ತಿದ ದಿನ ಎಜೆ ಚಹಾವನ್ನು ಆರಲು ಬಿಟ್ಟು ಕೂತದ್ದನ್ನು ನಾನು ನೋಡಿದ್ದೇನೆ. ಏನಾಯಿತು ಎಂದರೆ, "ಪಾಪ, ಅಲ್ಲಿ ಯಾರೋ ಬಟ್ಟೆ ಒಣಹಾಕಿರ್ತಾರೆ ಕಣಯ್ಯಾ" ಅಂದರು. ಹೆಸರು ಗೊತ್ತಿಲ್ಲದ ದ್ವೀಪದ, ಮುಖ ಗೊತ್ತಿಲ್ಲದ ಹೆಂಗಸಿನ, ಹಗ್ಗದ ಮೇಲಿನ ಬಟ್ಟೆಗಾಗಿ ಆ ಇಡೀ ಮಧ್ಯಾಹ್ನ ಅವರು ಕುರುತ್ ಮುಟ್ಟಲಿಲ್ಲ.

ಇನ್ನು ಅವರ ಹಠದ ಮಾತು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ, ಐದಾರು ಉಪಗ್ರಹಗಳು ಕಂಡದ್ದನ್ನೆಲ್ಲ ಒಂದಕ್ಕೊಂದು ಹೊಲಿದ ಇಡೀ ಭೂಮಿಯ ಚಿತ್ರವೊಂದನ್ನು, ಮೂಲೆಯಲ್ಲಿ ನಮ್ಮ ಪರ್ವತಗಳದ್ದೇ ಹಿಗ್ಗಿಸಿದ ಒಂದು ಚೌಕವನ್ನು ಸೇರಿಸಿ, ಅವರು ತಮ್ಮ ಕೈಯಾರೆ ಎತ್ತಿಡಬೇಕು. ಮಗಳ ಮದುವೆಯ ದಿನ ಹನ್ನೊಂದೂಮುಕ್ಕಾಲಿಗೆ ಮದುಮಗಳ ತಾಯಿ ನಾಪತ್ತೆಯಾಗಿ, ಬೀಗರು ಕಂಗಾಲಾಗಿ, ಕಡೆಗೆ ನಾನೇ ಹೋಗಿ ಕಚೇರಿಯಿಂದ ಕರೆತಂದದ್ದುಂಟು. ನಿರ್ದೇಶಕ ಮೆದೆರ್ ಓದಿದ ಹುಡುಗ, ಸೌಮ್ಯ ಸ್ವಭಾವ. "ಎಜೆ, ಚಿತ್ರ ಎಲ್ಲೂ ಓಡಿಹೋಗಲ್ಲ, ನಾಳೆ ಬಂದು ತಗೊಂಡ್ರೂ ಅಲ್ಲೇ ಇರುತ್ತೆ" ಎಂದ. "ನಾಳೆ ತಗೊಂಡ ಇವತ್ತು ತಂಗಳು," ಎಂದು ಇವರು ಉತ್ತರ ಕೊಟ್ಟರು. ಹೀಗೆ ಕೂಡಿಟ್ಟ ಮುನ್ನೂರ ಅರವತ್ತೈದು ದಿನಗಳನ್ನು ದಿನಕ್ಕೊಂದು ಸೆಕೆಂಡಿನಂತೆ ಪೋಣಿಸಿ, ಹೊಸವರ್ಷದ ನೂರೂಜ್ ಹಬ್ಬದ ಮಧ್ಯಾಹ್ನ ಕಚೇರಿಯ ಸಭಾಂಗಣದಲ್ಲಿ ಬಿಳಿ ಹಾಸುಬಟ್ಟೆ ಕಟ್ಟಿ ಊರಿಗೆಲ್ಲ ತೋರಿಸುತ್ತಾರೆ. ಮೊಳಕೆಗೋಧಿಯ ಸುಮೊಲೊಕ್ ಪಾಯಸದ ಬಟ್ಟಲು ಹಿಡಿದು ಮುದುಕರು, ಮಕ್ಕಳು, ಕಂಕುಳ ಕೂಸುಗಳು, ಮಾರುಕಟ್ಟೆಯ ಹೆಂಗಸರು, ಒಮ್ಮೊಮ್ಮೆ ಬಾಗಿಲಲ್ಲಿ ಮೂತಿ ತೂರಿಸಿದ ಒಂದು ಕುದುರೆ, ಎಲ್ಲ ಸೇರಿ ಭೂಮಂಡಲದ ಒಂದು ವರ್ಷವನ್ನು ನೋಡುವುದು ನಮ್ಮ ಊರಿನ ಸಂಪ್ರದಾಯವಾಗಿದೆ. ಎಜೆ ಕೋಲು ಹಿಡಿದು ಪಕ್ಕದಲ್ಲಿ ನಿಂತು, ಮದುವೆಯ ವೀಡಿಯೋ ತೋರಿಸುವವರಂತೆ, "ಈಗ ನೋಡಿ ದೊಡ್ಡತ್ತೆ ಬರ್ತಾಳೆ… ಬಂದ್ಲು… ಕೂತ್ಲು!" ಎನ್ನುತ್ತಾರೆ. ಜನ ಹೋ ಎನ್ನುತ್ತಾರೆ.

ಆ ಚಿತ್ರದಲ್ಲಿ ಒಂದು ದೋಷವಿತ್ತು. ಮುನ್ನೂರ ಅರವತ್ತೈದು ಸೆಕೆಂಡಿಗೆ ಆರು ನಿಮಿಷ ಐದು ಸೆಕೆಂಡು ಆಗಬೇಕು. ಪ್ರತಿವರ್ಷವೂ ಆರು ನಿಮಿಷ ಆರು ಸೆಕೆಂಡು ಆಗುತ್ತಿತ್ತು. ಮೊಟ್ಟಮೊದಲು ಒಂದು ಹಳೆಯ, ಮಸುಕು, ಕಪ್ಪುಬಿಳುಪಿನ ಚಿತ್ರ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಿಂಚಿ ಹೋಗುತ್ತಿತ್ತು. ನಾಲ್ಕು ವರ್ಷ ನೋಡಿದ ಮೇಲೆ, ತಾಂತ್ರಿಕನ ಅಹಂಕಾರದಿಂದ, "ಎಲ್ಲೋ ಕಸ ಸೇರಿಕೊಂಡಿದೆ ಎಜೆ, ತೆಗೆದುಕೊಡ್ತೀನಿ" ಎಂದೆ. "ಇರಲಿ ಬಿಡು," ಎಂದರು. ಅಷ್ಟೇ, ಬೆನ್ನು ಹೇಳಿತೆಂದು ಕೂಡ ಹೇಳಲಿಲ್ಲ. ನಾನೂ ಮರೆತೆ.

ಊರೆಲ್ಲ ಬರುತ್ತಿದ್ದ ಈ ಪ್ರದರ್ಶನಕ್ಕೆ ಒಬ್ಬನೇ ಒಬ್ಬ ಬರುತ್ತಿರಲಿಲ್ಲ: ಎಜೆಯ ಒಡಹುಟ್ಟಿದ ತಮ್ಮ ಸಾಗಿನ್. ಆರುನೂರು ಕುರಿಗಳ ಒಡೆಯ, ಬೇಸಿಗೆಯಲ್ಲಿ ಪರ್ವತದ ಮೇಲಿನ ಹುಲ್ಲುಗಾವಲಿನಲ್ಲಿ, ಚಳಿಗಾಲದಲ್ಲಿ ಕೆಳಗಿನ ಕಣಿವೆಯಲ್ಲಿ ಬಾಳುವವನು. ಇವರ ತಂದೆ ನಕ್ಷತ್ರ ನೋಡಿ ಋತು ಎಣಿಸುವ ಲೆಕ್ಕಿಗರು. ಚಂದ್ರ ಕೃತ್ತಿಕೆಯನ್ನು ಕೂಡುವ ದಿನದಿಂದ ಚಳಿ ಎಷ್ಟು ದೂರ, ಹಿಂಡು ಯಾವಾಗ ಏರಬೇಕು ಯಾವಾಗ ಇಳಿಯಬೇಕು ಎಂದು ಏಳು ಕಣಿವೆಗಳಿಗೆ ಹೇಳುತ್ತಿದ್ದವರು. ಆ ವಿದ್ಯೆ ಮಗನಿಗೆ ಬಂತು. ಮಗಳಿಗೇಕೆ ಬರಲಿಲ್ಲವೆಂದರೆ, ಎಜೆಯ ಮಾತಿನಲ್ಲೇ ಹೇಳುವುದಾದರೆ, "ನಕ್ಷತ್ರ ಹುಟ್ಟೋ ಹೊತ್ತಿಗೆ ನಾನು ಗೊರಕೆ ಹೊಡೀತಿದ್ದೆ." ಅಪ್ಪನ ಲೆಕ್ಕ ತಮ್ಮನಿಗೆ, ಅಪ್ಪನ ಕೋಟು ಅಕ್ಕನಿಗೆ ಎಂದು ಪಾಲಾಯಿತು. ಅಕ್ಕತಮ್ಮಂದಿರಲ್ಲಿ ಮಾತುಕತೆ ಧಾರಾಳವಾಗಿಯೇ ಇತ್ತು. ಹಬ್ಬಕ್ಕೆ ಒಟ್ಟಿಗೆ ಕೂತರೆ ಕುದುರೆಗಳ ವಿಷಯ, ಚುನಾವಣೆಯ ವಿಷಯ, ಮಕ್ಕಳ ಓದಿನ ವಿಷಯ, ಯಾರ ಮನೆಯ ಸೊಸೆ ಯಾರ ಮೇಲೆ ಮುನಿದಳೆಂಬ ವಿಷಯ, ಎಲ್ಲ. ಹವೆಯ ವಿಷಯ ಮಾತ್ರ ಇಲ್ಲ! ತಗಡಿನ ಮಾಡಿನ ಮೇಲೆ ಮಳೆ ದಬದಬನೆ ಹೊಡೆದು ಒಬ್ಬರ ಮಾತು ಒಬ್ಬರಿಗೆ ಕೇಳದೆ ಹೋದರೂ, ಇಬ್ಬರೂ ಅದು ತಮಗೆ ಕೇಳಿಸಲೇ ಇಲ್ಲವೆಂಬಂತೆ ದನಿ ಏರಿಸಿ ಕುದುರೆಯ ಬೆಲೆ ಮಾತಾಡುತ್ತಿದ್ದರು. ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು, ಕಾರಣ ಗೊತ್ತಿರಲಿಲ್ಲ.

ಕಾರಣ ತಿಳಿದದ್ದು ಮೂರು ವರ್ಷದ ಹಿಂದಿನ ಸೆಪ್ಟೆಂಬರಿನಲ್ಲಿ. ಆ ಸೋಮವಾರ ಹನ್ನೆರಡರ ಚಿತ್ರ ಎತ್ತಿಡುವಾಗ ಎಜೆಯ ಕೈ ನಿಂತಿತು. ಕ್ಯಾಸ್ಪಿಯನ್ನಿನ ಮೇಲೆ ಅಳಿಯ ಎದ್ದಿದ್ದ. ಉತ್ತರದಿಂದ ದೊಡ್ಡತ್ತೆ ಎರಡು ತಿಂಗಳು ಮೊದಲೇ ಸೆರಗು ಚಾಚಿದ್ದಳು. ಎಜೆ ಎರಡು ಉಂಡೆಗಳನ್ನು ಮೇಜಿನ ಮೇಲಿಟ್ಟು ಒಂದಕ್ಕೊಂದು ತಾಗಿಸಿದರು. "ಗುರುವಾರ ಮಧ್ಯಾಹ್ನ, ತೆರ್ಸ್-ಬೆಲ್ ಘಾಟಿಯ ಮೇಲೆ. ಆಳುದ್ದ ಹಿಮ. ಬೆನ್ನು ಹಾಗೆ ಹೇಳ್ತಿದೆ," ಎಂದರು. ಊರಿನ ಹಿಂಡುಗಳೆಲ್ಲ ಇಳಿದಾಗಿತ್ತು, ಸಾಗಿನ್‌ನ ಹಿಂಡೊಂದನ್ನು ಬಿಟ್ಟು. ಘಾಟಿ ಮುಚ್ಚಿದರೆ ಆರುನೂರು ಕುರಿ, ಹನ್ನೊಂದು ಕುದುರೆ, ಗಂಡ ಹೆಂಡತಿ ಇಬ್ಬರೂ ಆಚೆಯೇ. ಅಲ್ಲಿ ಬೇಸಿಗೆಯ ಹುಲ್ಲು ಬಿಟ್ಟರೆ ಒಂದು ಹಿಡಿ ಮೇವು ಕೂಡಿಟ್ಟಿರುವುದಿಲ್ಲ. ಫೋನು ಮುಟ್ಟದ ಜಾಗ. ಉಣ್ಣೆ ತರಲು ಹೊರಟಿದ್ದ ಲಾರಿಯವನ ಕೈಯಲ್ಲಿ ಹೇಳಿಕಳಿಸಿದರು. ಸಂಜೆ ಅವನು ಉತ್ತರ ತಂದ; ಹೇಳಲೋ ಬೇಡವೋ ಎಂದು ಟೋಪಿ ತಿರುವುತ್ತ ನಿಂತ. "ಅಪ್ಪನ ಲೆಕ್ಕದಲ್ಲಿ ಇನ್ನೂ ಹತ್ತು ದಿನ ಇದೆಯಂತೆ. ಮತ್ತೆ… ಎಜೆಗೆ ಹೇಳು, ಮೋಡ ಯಾವುದು ಹಿಮ ಯಾವುದು ಅಂತ ಮೊದ್ಲು ಕಲ್ತುಕೊಳ್ಳಲಿ ಅಂದ."

ಎಜೆಯ ಮುಖ ಬಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಭೂತಗನ್ನಡಿ ಒರೆಸಿದರು, ಒರೆಸಿದ್ದನ್ನೇ ಒರೆಸಿದರು. ಆಮೇಲೆ, "ಬೀಗರೇ, ಬೆಳಗ್ಗೆ ಜೀಪು ತೆಗೀರಿ. ಪ್ರೊಜೆಕ್ಟರೂ ಬರಲಿ. ಹನ್ನೆರಡರ ಚಿತ್ರ ಈ ಒಂದ್ಸಲ ಮೆದೆರ್ ಎತ್ತಿಡಲಿ," ಎಂದರು.

ಮಂಗಳವಾರ ಹನ್ನೊಂದಕ್ಕೆ ನಾವು ಮೇಲೆ ತಲುಪಿದಾಗ ಆಕಾಶ ನಮ್ಮನ್ನು ಅಣಕಿಸುವಷ್ಟು ಶುಭ್ರವಾಗಿತ್ತು. ಉಣ್ಣೆಗುಡಾರದ ಬಾಗಿಲಲ್ಲಿ ಸಾಗಿನ್ ಎದುರುಗೊಂಡ; ಅಕ್ಕನ ಕೈಹಿಡಿದು ಇಳಿಸಿದ. ಕುದುರೆಹಾಲಿನ ಹುಳಿ ಕುಮಿಸ್ ಬಂತು, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸೋಕ್ ಬಂತು. ಕ್ಷೇಮಸಮಾಚಾರ ಮೂರು ತಲೆಮಾರು ಸುತ್ತಿ ಬಂತು. ಹವೆಯ ಮಾತು ಯಾರೂ ಎತ್ತಲಿಲ್ಲ. ಕಡೆಗೆ ಎಜೆ ಬಟ್ಟಲು ಕೆಳಗಿಟ್ಟು, "ಸಾಗಿನ್, ನೆತ್ತಿಯ ಹೊಗೆಗಿಂಡಿ ಮುಚ್ಚು," ಎಂದರು.

"ಹಾಡುಹಗಲೇ ಮನೆ ಕತ್ತಲೆ ಮಾಡೋದಾ?" ಎಂದಳು ಸಾಗಿನ್‌ನ ಹೆಂಡತಿ ಬುರುಲ್.

"ಒಂದು ವರ್ಷ ತೋರಿಸ್ತೀನಿ. ಆರು ನಿಮಿಷ. ಆಮೇಲೆ ಬೇಕಾದ್ರೆ ನನ್ನನ್ನ ಗುಡಾರದಿಂದ ಆಚೆ ಹಾಕು."

ಸಾಗಿನ್ ಹುಬ್ಬು ಗಂಟಿಕ್ಕಿದ. ಆದರೆ ದೊಡ್ಡಕ್ಕ, ಅದೂ ಮನೆಗೆ ಬಂದ ಅತಿಥಿ. ಹೊರಗೆ ಹೋಗಿ ಹಗ್ಗ ಎಳೆದ. ಜಮಖಾನದಂಥ ಉಣ್ಣೆಯ ತುಂಡು ನೆತ್ತಿಯನ್ನು ಮುಚ್ಚಿತು. ನಡುಹಗಲಿನಲ್ಲಿ ಗುಡಾರದೊಳಗೆ ಹದವಾದ ಕತ್ತಲೆ. ಬುರುಲ್ ಊಟಕ್ಕೆ ಹಾಸುವ ಬಿಳಿ ಬಟ್ಟೆಯನ್ನು ಗೋಡೆಗೆ ಕಟ್ಟಿಕೊಟ್ಟಳು. ನಾನು ಜೀಪಿನ ಬ್ಯಾಟರಿಯಿಂದ ತಂತಿ ಎಳೆದೆ. ಹಿಂದಿನ ಸೆಪ್ಟೆಂಬರಿನಿಂದ ನಿನ್ನೆಯವರೆಗಿನ ವರ್ಷವನ್ನು ಎಜೆ ಹೊಸದಾಗಿ ಪೋಣಿಸಿ ತಂದಿದ್ದರು. ಮೊದಲ ಚಿತ್ರ ಮಿಂಚಿತು: ಅದೇ, ಮಸುಕು, ಕಪ್ಪುಬಿಳುಪು. ಎಜೆ ಅಲ್ಲಿಗೇ ನಿಲ್ಲಿಸಿದರು.

"ಇದೇನು?" ಎಂದ ಸಾಗಿನ್.

"ಹತ್ತೊಂಬತ್ತು ವರ್ಷದ ಹಿಂದೆ, ಮಾರ್ಚ್ ಒಂಬತ್ತು. ತೆರ್ಸ್-ಬೆಲ್." ಎಜೆಯ ದನಿ ಎಂದಿನಂತೆ ಇರಲಿಲ್ಲ. "ನೀನು ಕಣಿವೆಯಿಂದ ಟೆಲಿಫೋನ್ ಮಾಡಿದ್ದೆ. ಘಾಟಿಯ ಮೇಲೆ ಬೆಳ್ಳಗೆ ಕಾಣ್ತಿದೆ, ಗಬ್ಬದ ಕುರಿ ದಾಟಿಸ್ಲಾ ಅಂತ. ನಾನು ಇದನ್ನ ನೋಡಿದೆ. ಮೋಡ, ನಾಳೆ ಹರಿಯುತ್ತೆ, ದಾಟಿಸು ಅಂದೆ. ಹಿಮ ಅದು. ಬಿದ್ದ ಹಿಮ. ಮೂವತ್ತೊಂದು ಮರಿ ಹೋದವು."

ಸಾಗಿನ್ ನಿಧಾನಕ್ಕೆ, "ಲೆಕ್ಕ ಇಟ್ಟಿದ್ದೀಯಾ?" ಎಂದ.

"ಮೇಲಿಂದ ಎರಡೂ ಬಿಳಿ ಕಣೋ. ಒಂದು ಪಟ ನೋಡಿದ್ರೆ ದೇವರಾಣೆ ಗೊತ್ತಾಗಲ್ಲ. ಹಿಂದಿನ ದಿನದ್ದು, ಮುಂದಿನ ದಿನದ್ದು ಪಕ್ಕಪಕ್ಕ ಇಟ್ರೆ ತಿಳಿಯುತ್ತೆ. ಹೋಗಿದ್ದು ಮೋಡ, ನಿಂತಿದ್ದು ಹಿಮ. ಅವತ್ತಿಂದ ಒಂದು ದಿನಾನೂ ಬಿಟ್ಟಿಲ್ಲ. ಪ್ರತಿವರ್ಷ ಇದನ್ನೇ ಮೊದಲು ಇಡ್ತೀನಿ, ಮರೀಬಾರದು ಅಂತ. ನೀನು ಒಂದು ಸಲಾನೂ ಬರಲಿಲ್ಲ."

ನಾನು ತಲೆ ತಗ್ಗಿಸಿದೆ. ಕಸವೆಂದು ತೆಗೆದುಕೊಡಲು ಹೊರಟವನು ನಾನೇ ಅಲ್ಲವೇ! ಮಗಳ ಮದುವೆಯ ಚಪ್ಪರದಿಂದ ಎದ್ದು ಓಡಿದ್ದು ಯಾವುದಕ್ಕೆಂದು ಆಗ ತಿಳಿಯಿತು.

ಚಿತ್ರ ಮುಂದೆ ಓಡಿತು. ದಿನಗಳು ಸೆಕೆಂಡಿಗೊಂದರಂತೆ ಜಾರಿದವು. ಎಜೆ ಕೋಲಿಲ್ಲದೆ, ವಿವರಣೆಯಿಲ್ಲದೆ ಕೂತಿದ್ದರು. ಸಾಗಿನ್ ಮೊದಮೊದಲು ಸೆಟೆದುಕೊಂಡೇ ಇದ್ದ. ಹಿಂದೂ ಮಹಾಸಾಗರದ ನಡುವೆ ಒಂದು ಕಂದು ಕಲೆ ಕಂಡು, "ಅದ್ಯಾವ ದ್ವೀಪ, ಕದಲೋದೇ ಇಲ್ಲ?" ಎಂದ. "ಅದು ಮೊನ್ನೆಯ ಚಹಾ," ಎಂದಳು ಬುರುಲ್ ಬಟ್ಟೆಯನ್ನು ಎಳೆದು ಸರಿಮಾಡುತ್ತ. ಮೊದಲ ನಗು ಹೊರಟದ್ದು ಅಲ್ಲಿ. ಮೂಲೆಯ ಚೌಕದಲ್ಲಿ ತಮ್ಮ ಪರ್ವತಗಳು ಬೆಳ್ಳಗಾದವು. ಚಳಿಗಾಲವಿಡೀ ಹೆಪ್ಪುಗಟ್ಟದ ಇಸ್ಸಿಕ್-ಕುಲ್ ಸರೋವರ ಆ ಬಿಳುಪಿನ ನಡುವೆ ಕಪ್ಪು ಕಣ್ಣಿನಂತೆ ತೆರೆದೇ ಇತ್ತು. ಸಾಗಿನ್ ಮಂಡಿಯೂರಿ ಬಟ್ಟೆಯ ಹತ್ತಿರಕ್ಕೆ ಸರಿದ. "ಇಲ್ಲಿ, ಇಲ್ಲಿ ನೋಡು ಎಜೆ, ಈ ಚುಕ್ಕೆ ಮೋಡ ಅಲ್ಲ, ಹಿಮ. ಘಾಟಿಯ ಹಿಂದಿನ ಬಂಡೆ ಇದು, ಬಿಸಿಲು ಬೀಳಲ್ಲ, ಜೂನ್ ಮುಗಿಯೋವರೆಗೂ ಕರಗಲ್ಲ!" "ಬಂಡೆ ಇದೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು? ಬೆನ್ನು ಅದನ್ನ ಹೇಳಲ್ಲ," ಎಂದರು ಎಜೆ. "ಕೇಳಿದ್ರೆ ನಾನು ಹೇಳ್ತಿರಲಿಲ್ವಾ?" "ಹೇಳ್ತಿದ್ದೆಯಾ?" ಎಂದು ಇವರು ತಿರುಗಿ ನೋಡಿದರು. ಅವನು ಬಟ್ಟೆಯ ಮೇಲಿಂದ ಬೆರಳು ತೆಗೆದ.

ಮೇ ಕಳೆಯಿತು. ಭೂಮಿಯ ನಡುಪಟ್ಟಿಯಲ್ಲಿ ಮಲಗಿದ್ದ ಬಿಳಿಯ ಮೋಡದ ಸಾಲು ಮೈಮುರಿದು ಎದ್ದು, ದಿನದಿನಕ್ಕೂ ಬಡಗಣಕ್ಕೆ ಏರತೊಡಗಿತು. ಜೂನಿನಲ್ಲಿ ನಮ್ಮ ಮಳೆಯವರು ಅರಬ್ಬೀ ಸಮುದ್ರ ದಾಟಿ ನುಗ್ಗಿದರು. ಜುಲೈ ಹೊತ್ತಿಗೆ ಆ ಸಾಲಿಗೆ ಸಾಲೇ ಹಿಮಾಲಯದ ಬುಡಕ್ಕೆ ಬಂದು ಹಬ್ಬಿಕೊಂಡಿತು. ಸಾಗಿನ್ ತೊಡೆ ತಟ್ಟಿಕೊಂಡ. "ಎಲಾ! ಇದು ಬೇಸಿಗೆ ಹುಲ್ಲುಗಾವಲಿಗೆ ಹೊರಟಿದೆಯಲ್ಲೇ! ನಮ್ಮ ಹಾಗೇ! ನಾವು ಏರಿದಾಗ ಏರ್ತು!" ಬುರುಲ್ ಕೂಡ ಬಾಯ್ತೆರೆದು ನೋಡುತ್ತಿದ್ದಳು. ಆಗಸ್ಟ್ ಮುಗಿಯಿತು. ಮೋಡದ ಸಾಲು ಒಂದು ಗಳಿಗೆ ಅನುಮಾನಿಸಿ, ತೆಂಕಣಕ್ಕೆ ಮುಖಮಾಡಿತು. ಕಡೆಯ ಹತ್ತು ಚಿತ್ರಗಳಲ್ಲಿ ಅದು ಬಿರಬಿರನೆ ಇಳಿಯಿತು. ಮೇಲಿನಿಂದ ದೊಡ್ಡತ್ತೆಯ ಸೆರಗು ಅದನ್ನೇ ಹಿಂಬಾಲಿಸಿತು. ಕೊನೆಯ ಚಿತ್ರದಲ್ಲಿ ಕ್ಯಾಸ್ಪಿಯನ್ನಿನ ಮೇಲೆ ಬಿಳಿಯ ಸುಳಿ ಬಾಯ್ದೆರೆದು ನಿಂತಿತು.

ಸಾಗಿನ್ ಆ ಸುಳಿಯನ್ನು ನೋಡಿದ. ಆಮೇಲೆ ನಮ್ಮೆಲ್ಲರ ಮುಖ ನೋಡಿದ.

"ಲೋಕವೆಲ್ಲ ಇಳೀತಾ ಇದೆ," ಎಂದ. "ನಾನೊಬ್ಬ ಇಲ್ಲಿ ಕೂತಿದೀನಿ."

ಎಜೆ ಜೇಬಿಗೆ ಕೈಹಾಕಿದವರು ಬರಿಗೈಯನ್ನೇ ಹೊರತೆಗೆದರು. ಕುರುತ್ ತೋರಿಸುವ ಅಗತ್ಯವಿರಲಿಲ್ಲ. ಸಾಗಿನ್ ಎದ್ದು ಹೊರಗೆ ಹೋಗಿ ಹೊಗೆಗಿಂಡಿಯ ಹಗ್ಗ ಎಳೆದ. ಬೆಳಕು ಬಿದ್ದೊಡನೆ ಹೆಂಡತಿಗೆ ಕೂಗಿದ: "ಬುರುಲ್, ಒಲೆ ಆರಿಸು. ಗುಡಾರ ಬಿಚ್ಚೋಣ."

ಒಂದೂವರೆ ಗಂಟೆಯಲ್ಲಿ ಮನೆಯೆಂಬ ಮನೆ ನಾಲ್ಕು ಕುದುರೆಗಳ ಬೆನ್ನೇರಿತು. ಬುಧವಾರ ಸಂಜೆ ಕೊನೆಯ ಕುಂಟ ಕುರಿಯೂ ಘಾಟಿ ದಾಟಿ ಈಚೆಗೆ ಬಂತು, ಆರುನೂರಕ್ಕೆ ಆರುನೂರು. ಗುರುವಾರ ಬೆಳಗ್ಗೆ ಕಣಿವೆಯ ಮನೆಯಲ್ಲಿ ನಾವೆಲ್ಲ ಚಹಾಕ್ಕೆ ಕೂತಿರುವಾಗ ಕಿಟಕಿಯಾಚೆ ತೆರ್ಸ್-ಬೆಲ್ ಕಾಣದಾಯಿತು. ಗಾಳಿ ಊಳಿಡುತ್ತಿತ್ತು. ಎಜೆ ಅಭ್ಯಾಸಬಲದಿಂದ ಕಿಟಕಿಗೆ ಬೆನ್ನುಹಾಕಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಸಾಗಿನ್ ಗಂಟಲು ಸರಿಪಡಿಸಿಕೊಂಡ.

"ಮಧ್ಯಾಹ್ನ ಅಂದಿದ್ದೆ. ಚಹಾ ಹೊತ್ತಿಗೇ ಬಂತಲ್ಲ ಎಜೆ, ಹಿಮ."

ಹತ್ತೊಂಬತ್ತು ವರ್ಷಗಳಲ್ಲಿ ತಮ್ಮ ಅಕ್ಕನೊಡನೆ ತಾನಾಗಿ ಎತ್ತಿದ ಮೊದಲ ಹವೆಯ ಮಾತು, ಅದೂ ಆಕ್ಷೇಪಣೆ! ಆ ಆಕ್ಷೇಪಣೆಯನ್ನು ಕೇಳಿ ಎಜೆಯ ಮುಖ ಅರಳಿದ್ದನ್ನು ಏನೆಂದು ಹೇಳಲಿ? ಬೆಣ್ಣೆಯ ಚಾಕು ಕೆಳಗಿಟ್ಟು, ಅಪ್ಪನ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು, "ಆರು ಗಂಟೆ ಹೆಚ್ಚುಕಮ್ಮಿ ಆಗುತ್ತೆ ಕಣೋ, ಅಳಿಯ ಅಲ್ವಾ, ಹೇಳಿದ ಹೊತ್ತಿಗೆ ಯಾವತ್ತು ಬಂದಿದ್ದಾನೆ?" ಎಂದರು. ಆ ದಿನವಿಡೀ ಇಬ್ಬರೂ ಹವೆಯೊಂದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಬಂಡೆ, ನೆರಳು, ಕೃತ್ತಿಕೆ, ಸುಳಿ, ನಮಗೆಲ್ಲ ಸಾಕುಸಾಕಾಯಿತು.

ಮರುವರ್ಷದ ನೂರೂಜಿಗೆ ಸಾಗಿನ್ ಹೊಸ ಟೋಪಿ ಹಾಕಿಕೊಂಡು ಬಂದು ಮೊದಲ ಸಾಲಿನ ನಡುಮಧ್ಯೆ ಕೂತ. "ಆ ಮೊದಲನೇ ಪಟ ತೆಗೆದುಬಿಡು ಎಜೆ, ಆಗಿದ್ದು ಆಗಿಹೋಯ್ತು," ಎಂದು ಕಿವಿಯಲ್ಲಿ ಹೇಳಿದ್ದನ್ನು ನಾನು ಕೇಳಿದೆ. ಎಜೆ ತಲೆಯಾಡಿಸಿದರು: "ಅದು ಇದ್ರೇನೇ ಉಳಿದಿದ್ದು ನನಗೆ ಕಾಣೋದು." ಕಿಟಕಿಗಳನ್ನು ಮುಚ್ಚಿದರು. ಆ ಮಸುಕು ಚಿತ್ರ ಬಟ್ಟೆಯ ಮೇಲೆ ಬಿದ್ದ ಆ ಒಂದೇ ಸೆಕೆಂಡಿನಲ್ಲಿ ಸಾಗಿನ್ ಎದ್ದುನಿಂತು, ಬೆಟ್ಟದ ಮೇಲೆ ಕುರಿಗಳನ್ನು ಕರೆಯುವ ಕಂಠದಿಂದ ಗರ್ಜಿಸಿದ: "ಅದು ಮೋಡ ಅಲ್ಲಾ! ಹಿಮಾ!" ಸಭೆ ಬೆಚ್ಚಿತು, ಆಮೇಲೆ ನಕ್ಕಿತು, ಎಲ್ಲರಿಗಿಂತ ಜೋರಾಗಿ ಎಜೆ ನಕ್ಕರು. ಅಂದಿನಿಂದ ಅದೇ ರೂಢಿಯಾಗಿದೆ. ಈ ಸಲವೂ ಮೊದಲ ಚಿತ್ರಕ್ಕೆ ಇಡೀ ಸಭಾಂಗಣ, ಕಂಕುಳ ಕೂಸಿನವರೆಗೆ, ಒಕ್ಕೊರಲಿನಿಂದ "ಹಿಮಾ!" ಎಂದು ಕೂಗಿದಾಗ ಬಾಗಿಲಲ್ಲಿದ್ದ ಕುದುರೆ ಹೆದರಿ ಹಿಂದೆ ಸರಿಯಿತು.

ನಾಳೆಯನ್ನು ಹೇಳುವವರು ಲೋಕದಲ್ಲಿ ಬಹಳ ಮಂದಿ. ಹೇಳಿದ್ದು ಸರಿಯಾದರೆ ಊರಿಗೆಲ್ಲ ನೆನಪಿಸುತ್ತಾರೆ, ತಪ್ಪಿದರೆ ಊರು ಮರೆಯಲೆಂದು ಕಾಯುತ್ತಾರೆ. ನಾನೂ ಯಂತ್ರದ ವಿಷಯದಲ್ಲಿ ಆ ಪೈಕಿಯೇ. ಝೂರಾಕಾನ್ ಎಜೆಯಂಥವರದು ಬೇರೆ ಕುಲ. ತಮ್ಮ ತಪ್ಪಿಗೆ ವರ್ಷಕ್ಕೊಂದು ಸೆಕೆಂಡನ್ನು ಮೀಸಲಿಟ್ಟು, ಅದನ್ನು ಎಲ್ಲಕ್ಕಿಂತ ಮುಂದೆ ನಿಲ್ಲಿಸಿ, ಆಮೇಲೆ ಉಳಿದ ಭೂಮಂಡಲವನ್ನು ತೋರಿಸುವ ಈ ಕುಲದವರು ಎಲ್ಲ ಊರಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ನೆಲ ನೋಡಿಕೊಂಡು ನಡೆಯುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಈಗ ನಾನು ಆಕಾಶ ನೋಡುವುದನ್ನು ಬಿಟ್ಟಿದ್ದೇನೆ. ಕಂಬಳಿ ತೊಳೆಯುವ ದಿನ ನನ್ನ ಹೆಂಡತಿ ಕೇಳಿದರೆ, ಎರಡು ಮಹಡಿ ಹತ್ತಿ ಹೋಗಿ ಅವರನ್ನೇ ಕೇಳಿ ಬರುತ್ತೇನೆ.